ಕತ್ತಲೆಗೆ ಕಣ್ಣು ಒಗ್ಗುವ ಹೊತ್ತು

ಚಿತ್ರದುರ್ಗ, ಕಿರುಬನಕಲ್ಲು ಮತ್ತು ಚೋಳಗುಡ್ಡ ಎಂಬ ಬೆಟ್ಟಗಳ ನಡುವಿನ ಚಂದ್ರವಳ್ಳಿಯಲ್ಲಿ ಅಂಕಲಿ ಮಠದ ಗುಹೆಗೆ ಇಳಿದವರು ಮೊದಲು ಮಾಡುವ ಕೆಲಸವೆಂದರೆ ಮೊಬೈಲಿನ ಟಾರ್ಚ್ ಹಾಕುವುದು. ಬಿಸಿಲಿನಿಂದ ಬಂದ ಕಣ್ಣಿಗೆ ಒಳಗೆ ಏನೂ ಕಾಣದಿರುವುದರಿಂದ ಅದು ಸಹಜವೇ. ಒಮ್ಮೆ ನಾನು ಟಾರ್ಚ್ ಆರಿಸಿ, ಬಾಗಿಲ ಕಡೆಯ ಬೆಳಕು ಅಷ್ಟಿಷ್ಟು ತಲುಪುವ ಕಡೆ ಸುಮ್ಮನೆ ಕುಳಿತೆ. ಐದು ನಿಮಿಷಕ್ಕೆ ಎದುರಿಗೊಂದು ಗೋಡೆಯಿದೆಯೆಂದು ತಿಳಿಯಿತು. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಗೋಡೆಯ ಅಂಚು, ಬಗ್ಗಿ ಹೋಗಬೇಕಾದ ಕಿರುಬಾಗಿಲು ಒಂದೊಂದಾಗಿ ಮೂಡಿಬಂದವು.

ಇದರಲ್ಲಿ ಪವಾಡವೇನಿಲ್ಲ. ಕಣ್ಣಿನ ಒಳಪರದೆಯಾದ ಅಕ್ಷಿಪಟಲದಲ್ಲಿ, ಒಳ್ಳೆಯ ಬೆಳಕಿದ್ದಾಗ ಬಣ್ಣ ಗುರುತಿಸುವ ಶಂಕುಕೋಶಗಳು ಸುಮಾರು 10 ನಿಮಿಷದಲ್ಲಿ ಕತ್ತಲೆಗೆ ತಮ್ಮಿಂದಾದಷ್ಟು ಒಗ್ಗಿಬಿಡುತ್ತವೆ. ಮಂದ ಬೆಳಕಿನಲ್ಲಿ ನೋಡಬಲ್ಲ ದಂಡಕೋಶಗಳಿಗೆ ಮಾತ್ರ, ಬಿಸಿಲಿಗೆ ಒಡೆದುಹೋದ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಮತ್ತೆ ಕೂಡಿಕೊಳ್ಳಬೇಕಾದ್ದರಿಂದ, ಅರ್ಧ ಗಂಟೆಯಾದರೂ ಬೇಕಾಗುತ್ತದೆ. ನಡುವೆ ಯಾರಾದರೂ ಟಾರ್ಚ್ ಹಾಕಿದರೋ, ಕಾದದ್ದೆಲ್ಲ ವ್ಯರ್ಥ. (ದಂಡಕೋಶಗಳಿಗೆ ಬಣ್ಣ ತಿಳಿಯದು, ಗೋಡೆಯ ಚಿತ್ತಾರದ ಬಣ್ಣ ನೋಡಬೇಕೆಂದರೆ ಟಾರ್ಚೇ ಗತಿ.)

ಧ್ಯಾನವೆಂದರೆ ಕಣ್ಣು ಮುಚ್ಚಿ ಒಳಗೆ ಸರಿಯುವುದೆಂದೇ ನಾವು ತಿಳಿದಿದ್ದೇವೆ. ಹೊರಗಿನದು ತಾನಾಗಿ ತಿಳಿಯುವವರೆಗೆ ನಮ್ಮ ಕಡೆಯ ಗದ್ದಲವನ್ನು ತಗ್ಗಿಸಿಕೊಂಡು ಕಾಯುವುದೂ ಧ್ಯಾನವೇ ಎಂಬುದು ನನ್ನ ಅಭಿಪ್ರಾಯ.

ಮೈಯ ಚಲನೆಯಲ್ಲೂ ಇಂಥದ್ದೇ ಲೆಕ್ಕಾಚಾರವಿದೆ. ಜರ್ಮನಿಯ ಶರೀರವಿಜ್ಞಾನಿ ಅರ್ನ್ಸ್ಟ್ ವೇಬರ್ 1834ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ವ್ಯತ್ಯಾಸವೊಂದು ನಮ್ಮ ಅರಿವಿಗೆ ಬರುವುದು ಅದರ ಗಾತ್ರದಿಂದಲ್ಲ, ಈಗಾಗಲೇ ಇರುವ ಭಾರದೊಡನೆ ಅದಕ್ಕಿರುವ ಅನುಪಾತದಿಂದ. ಖಾಲಿ ಅಂಗೈಗೆ ನಾಲ್ಕು ಕಾಳು ಶೇಂಗಾ ಬಿದ್ದರೂ ತಿಳಿಯುತ್ತದೆ. ಬೆನ್ನ ಮೇಲೆ ಶೇಂಗಾದ ಮೂಟೆಯನ್ನೇ ಹೊತ್ತವನಿಗೆ ಒಂದು ಹಿಡಿ ಹೆಚ್ಚಾದದ್ದೂ ತಿಳಿಯುವುದಿಲ್ಲ. ಸ್ನಾಯುಗಳ ಬಿಗುವಿಗೂ ಇದೇ ನಿಯಮವನ್ನು ಅನ್ವಯಿಸಬಹುದು: ಬಿಗಿಹಿಡಿದು ದಡದಡನೆ ಹತ್ತುವಾಗ ಕಳೆದುಹೋಗುವ ಸೂಕ್ಷ್ಮ ಸಂಕೇತಗಳು ಹಗುರಾಗಿ, ನಿಧಾನವಾಗಿ ಹೆಜ್ಜೆಯಿಟ್ಟಾಗ ಮಿದುಳಿಗೆ ದಕ್ಕುತ್ತವೆ. ಧ್ಯಾನದಿಂದ ಎಲ್ಲ ರೋಗವೂ ವಾಸಿಯೆನ್ನುವವರಿಗೆ ವೇಬರನ ನಿಯಮದಿಂದ ಯಾವ ಬೆಂಬಲವೂ ಸಿಗದು. ಅದು ಹೇಳುವುದು ಗ್ರಹಿಕೆಯ ಬಗ್ಗೆ ಮಾತ್ರ.

ಗುಹೆಯಿಂದ ಹೊರಬಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಒಂದು ಉಸಿರಿಗೆ ಒಂದೇ ಹೆಜ್ಜೆಯಂತೆ ಬಂಡೆಯ ಮೇಲೆ ನಡೆದೆ. ಜನ ತುಳಿದ ಕಡೆ ಕಲ್ಲು ನುಣುಪಾಗಿತ್ತು. ಗೇಣು ಪಕ್ಕಕ್ಕೆ ಕಾಲಿಟ್ಟರೆ ಹರಳುಗಳು ಹಿಮ್ಮಡಿಗೆ ಒತ್ತುತ್ತಿದ್ದವು, ನೆರಳು ಆಗಷ್ಟೇ ಸರಿದಿದ್ದ ಕಡೆ ಬಂಡೆ ಇನ್ನೂ ತಣ್ಣಗಿತ್ತು.