ಕೆರೆ ಕೆಳಗಿನ ಭತ್ತ ಬೋರ್‌ವೆಲ್ ಪಾಲಾದ ಬಗೆ

ಪಾಲಾರ್, ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಹುಟ್ಟುವುದು ಕೋಲಾರ–ಚಿಕ್ಕಬಳ್ಳಾಪುರ ಸೀಮೆಯಲ್ಲೇ. ಆದರೂ ವರ್ಷವಿಡೀ ಹರಿಯುವ ಹೊಳೆ ಇಲ್ಲಿ ಒಂದೂ ಇಲ್ಲ. ಹಾಗಾಗಿ ಭತ್ತವೆಂದರೆ ಕೆರೆಯ ಅಚ್ಚುಕಟ್ಟು ಎಂದೇ ಅರ್ಥವಾಗಿತ್ತು. ಕೆರೆ ಎಷ್ಟು ತುಂಬಿದೆ ಎಂದು ನೋಡಿ, ಈ ಸಲ ಭತ್ತವೋ ರಾಗಿಯೋ ಎಂದು ಊರೇ ತೀರ್ಮಾನಿಸುತ್ತಿತ್ತು. ತೂಬು ಎತ್ತುವುದು, ಸರದಿಯಂತೆ ಗದ್ದೆಗಳಿಗೆ ನೀರು ಹಾಯಿಸುವುದು ನೀರಗಂಟಿಯ ಕೆಲಸ. ಸುಗ್ಗಿಯಲ್ಲಿ ಕಣದಲ್ಲೇ ಅವನ ಪಾಲಿನ ಕಾಳು ಅಳೆದು ಕೊಡುತ್ತಿದ್ದರು. ಗದ್ದೆಯಲ್ಲಿ ಇಂಗಿದ ನೀರು ತಗ್ಗಿನ ತೆರೆದ ಬಾವಿಗಳಿಗೆ ಇಳಿಯುತ್ತಿತ್ತು. ಅಲ್ಲಿಂದ ಕಪಿಲೆಯಲ್ಲಿ, ಅಂದರೆ ಎತ್ತು ಕಟ್ಟಿ ಎಳೆಸುವ ಚರ್ಮದ ಚೀಲದಲ್ಲಿ, ಮೇಲೆತ್ತುವ ನೀರಿಗೆ ಎತ್ತುಗಳ ಶಕ್ತಿಯೇ ಮಿತಿ.

ಮೋಟಾರ್ ಬಂದ ಮೇಲೆ ಆ ಮಿತಿ ಹೋಯಿತು. ತೆರೆದ ಬಾವಿಗಳು ಬತ್ತಿದಂತೆ ಬೋರ್‌ವೆಲ್ ಬಂದವು, ಬೋರ್‌ವೆಲ್‌ಗಳೂ ಆಳಕ್ಕಿಳಿದವು. ರಾಜಕಾಲುವೆಗಳು ಮುಚ್ಚಿ, ಹೂಳು ತುಂಬಿ ಕೆರೆಗಳು ಸೊರಗಿದವು, ನೀರಗಂಟಿಗೆ ಕೆಲಸವಿಲ್ಲದಾಯಿತು. 2008ರಿಂದ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ. ಕರೆಂಟ್ ಯಾವಾಗ ಬರುತ್ತದೋ ಗೊತ್ತಿಲ್ಲದ್ದರಿಂದ ಎಲ್ಲರೂ ಆಟೋ ಸ್ಟಾರ್ಟರ್ ಹಾಕಿದರು. ಬೇಕಿರಲಿ, ಬೇಡವಾಗಿರಲಿ, ರಾತ್ರಿಯೆಲ್ಲ ಗದ್ದೆಗೆ ನೀರು. ಕೆರೆಯ ನೀರು ತಗ್ಗಿದರೆ ಊರಿಗೇ ಕಾಣುತ್ತದೆ, ಬೋರ್‌ವೆಲ್ಲಿನದು ಮೋಟಾರ್ ಗಾಳಿ ಎಳೆಯುವವರೆಗೂ ಕಾಣುವುದಿಲ್ಲ.

ನಮ್ಮ ನೆಲದಡಿ ಇರುವುದು ಗ್ರಾನೈಟ್, ಅದರಂತೆಯೇ ಗಟ್ಟಿಯಾದ ನೈಸ್ ಎಂಬ ಬಂಡೆ. ನೀರು ನಿಲ್ಲುವುದು ಮೇಲಿನ ಸವೆದ ಪದರದಲ್ಲಿ, ಅದರ ಕೆಳಗೆ ಬಿರುಕುಗಳಲ್ಲಿ ಮಾತ್ರ. ವರ್ಷಕ್ಕೆ 750 ಮಿ.ಮೀ. ಮಳೆ ಬಿದ್ದು, ಅದರ ಹತ್ತನೇ ಒಂದು ಪಾಲು ಇಂಗಿತೆಂದು ಇಟ್ಟುಕೊಳ್ಳೋಣ. 75 ಮಿ.ಮೀ. ಆಯಿತು. ನೀರು ನಿಲ್ಲಿಸಿ ಬೆಳೆಯುವ ಭತ್ತಕ್ಕೆ 1,200 ಮಿ.ಮೀ. ಬೇಕು. ಅಂದರೆ ಬೋರ್‌ವೆಲ್ ನಂಬಿದ ಒಂದು ಎಕರೆ ಭತ್ತ 16 ಎಕರೆಯಲ್ಲಿ ಇಂಗಿದ ನೀರನ್ನು ಮೇಲೆತ್ತುತ್ತದೆ. ಗದ್ದೆಯಿಂದ ಒಂದಷ್ಟು ಮರಳಿ ಇಂಗುತ್ತದೆ, ನಿಜ. ಆದರೆ ಆವಿಯಾಗಿ ಹೋಗುವ ದಿನಕ್ಕೆ 5–6 ಮಿ.ಮೀ.ಯನ್ನಷ್ಟೇ ಲೆಕ್ಕ ಹಿಡಿದರೂ, 120 ದಿನಕ್ಕೆ ಎಂಟರಿಂದ ಒಂಬತ್ತೂವರೆ ಎಕರೆಯ ಪಾಲು ಮುಗಿಯುತ್ತದೆ. ಭತ್ತವನ್ನು ದೂರುವುದು ಸರಿಯಲ್ಲ. ಕೆರೆ ನೀರಿನ ಬೆಳೆಯನ್ನು ಬಂಡೆಯ ಬಿರುಕಿನ ನೀರಿಗೆ ಕಟ್ಟಿದ್ದೇ ತಪ್ಪಾಯಿತು.

2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಚಿಕ್ಕಬಳ್ಳಾಪುರದ ಕಡೆಗೆ ಇಂಥದೇ ಎಚ್.ಎನ್. ವ್ಯಾಲಿ (ಹೆಬ್ಬಾಳ–ನಾಗವಾರ ಕಣಿವೆ) ಯೋಜನೆ. ಇದು ಅಂತರ್ಜಲಕ್ಕೆಂದು ತಂದ ನೀರು, ನೇರವಾಗಿ ಪಂಪ್ ಹಾಕುವಂತಿಲ್ಲ. ಎರಡನೇ ಹಂತದವರೆಗಷ್ಟೇ ಶುದ್ಧವಾಗಿ ಬರುವ ಈ ನೀರಿಗೆ ಉಳಿದ ಕಲ್ಮಶವನ್ನೂ ತೆಗೆಯುವ ಮೂರನೇ ಹಂತ ಬೇಕೆಂಬ ಒತ್ತಾಯ ನ್ಯಾಯವಾದದ್ದು. ಬತ್ತಿದ ಬೋರ್‌ವೆಲ್ಲಿಗೆ ನೀರು ಬಂತೆಂದು ಮತ್ತೆ ಭತ್ತ ನೆಟ್ಟರೆ ಹಳೆಯ ಕಥೆಯೇ ಮರಳುತ್ತದೆ.

ಭತ್ತವೇ ಬೇಕೆನ್ನುವವರು ಒಮ್ಮೆ ನೀರು ಕಟ್ಟಿ, ಒಮ್ಮೆ ಆರಲು ಬಿಡುವ ಕ್ರಮ ಹಿಡಿಯಬಹುದು. 30 ಸೆಂ.ಮೀ. ಉದ್ದ, 10–15 ಸೆಂ.ಮೀ. ಅಗಲದ ಪಿವಿಸಿ ಪೈಪ್ ತೆಗೆದುಕೊಂಡು ಕೆಳಗಿನ ಅರ್ಧಕ್ಕೆ ಸುತ್ತಲೂ ತೂತು ಕೊರೆಯಿರಿ. ಬದುವಿನಿಂದ ಒಂದು ಮೀಟರ್ ಒಳಗೆ ಆ ಅರ್ಧವನ್ನು ಹೂತು, ಒಳಗಿನ ಮಣ್ಣನ್ನು ಪೂರ್ತಿ ತೆಗೆಯಿರಿ. ಇದನ್ನು ಮರೆಯುವವರೇ ಹೆಚ್ಚು; ಆಗ ಪೈಪ್ ಏನನ್ನೂ ತೋರಿಸುವುದಿಲ್ಲ. ಒಳಗೂ ಹೊರಗೂ ನೀರಿನ ಮಟ್ಟ ಒಂದೇ ಇರಬೇಕು, ಇಲ್ಲವಾದರೆ ತೂತು ಕಟ್ಟಿದೆ ಎಂದರ್ಥ. ನಾಟಿಯಾಗಿ ಎರಡು ವಾರ ಕಳೆ ಏಳದಂತೆ ನೀರು ನಿಲ್ಲಿಸಿ. ಆಮೇಲೆ ಪೈಪ್‌ನೊಳಗೆ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ 5 ಸೆಂ.ಮೀ. ಕಟ್ಟಿದರೆ ಸಾಕು. ಹೂ ಬಿಡುವ ಹಿಂದಿನ ವಾರ ಮತ್ತು ಮುಂದಿನ ವಾರ ಮಾತ್ರ ಆರಲು ಬಿಡಬಾರದು, ಬಿಟ್ಟರೆ ಕಾಳು ಜೊಳ್ಳಾಗುತ್ತದೆ.

ಕೆಸರು ಮಾಡದೆ ರಾಗಿಯಂತೆ ಒಣನೆಲದಲ್ಲೇ ಬಿತ್ತಲು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಂಎಎಸ್ 946-1 ತಳಿ ಇದೆ. ನೀರು ನಿಲ್ಲದ ಗದ್ದೆಯಲ್ಲಿ ಕಳೆಯದೇ ದೊಡ್ಡ ಕಾಟ.

ಯಾವ ದಾರಿ ಹಿಡಿದರೂ ಮೊದಲು ಬೋರ್‌ವೆಲ್ ಅಳೆಯಬೇಕು. ಮೋಟಾರ್ ಎರಡು ಗಂಟೆ ಓಡಿದ ಮೇಲೆ ಡ್ರಮ್ ಹಿಡಿಯಿರಿ. ಆರಂಭದಲ್ಲಿ ಬರುವುದು ಕೊಳವೆಯಲ್ಲಿ ನಿಂತಿದ್ದ ನೀರು. 200 ಲೀಟರ್ ತುಂಬಲು 2 ನಿಮಿಷ 24 ಸೆಕೆಂಡ್ ಹಿಡಿದರೆ ಗಂಟೆಗೆ 5,000 ಲೀಟರ್. ಏಳು ಗಂಟೆ ಕರೆಂಟ್ ಇದ್ದರೆ ದಿನಕ್ಕೆ 35,000 ಲೀಟರ್, ಅಂದರೆ ಒಂದು ಎಕರೆಗೆ ಎಂಟೂವರೆ ಮಿ.ಮೀ. ಮಾತ್ರ. ಕೆಂಪು ಮಣ್ಣಿನ ಗದ್ದೆಗೆ ಆವಿ, ಇಂಗುವಿಕೆ ಎರಡೂ ಸೇರಿ ದಿನಕ್ಕೆ 10 ಮಿ.ಮೀ. ಬೇಕಾದರೆ, ಆ ಬೋರ್‌ವೆಲ್ ಒಂದು ಎಕರೆ ಕೆಸರು ಭತ್ತವನ್ನು ಹೊರಲಾರದು; ಅರ್ಧ ಎಕರೆಗಷ್ಟೇ ನಾಟಿ ಮಾಡಿ.