‘ವೆಸ್ಟ್’ ಆಯಿತು ಅಂದರೆ ಕೈಗೆ ಬಂತು ಅಂತಲ್ಲ

ಕಳೆದ ಮಳೆಗಾಲದಲ್ಲಿ ಶಿರಸಿಯ ನನ್ನ ಕಚೇರಿಗೆ ಒಬ್ಬರು ಅಪ್ಪನ ಮೃತ್ಯುಪತ್ರ ಹಿಡಿದು ಬಂದರು. ಇಂಗ್ಲಿಷ್‌ನಲ್ಲಿ ಬರೆಸಿದ್ದು. ಅಪ್ಪ ತೀರಿಕೊಂಡ ಕೂಡಲೇ ಅಡಿಕೆ ತೋಟ ಇಬ್ಬರು ಗಂಡುಮಕ್ಕಳಲ್ಲಿ ಅರ್ಧರ್ಧ ‘ವೆಸ್ಟ್’ (vest) ಆಗಬೇಕು, ಅಂದರೆ ಹಕ್ಕಾಗಿ ಸೇರಬೇಕು, ಆದರೆ ಆಯಿ, ಅಂದರೆ ತಾಯಿ, ಇರುವ ತನಕ ಫಸಲೆಲ್ಲ ಅವರದ್ದು ಎಂದಿತ್ತು. ಅಪ್ಪ ಹೋದ ನಾಲ್ಕು ವರ್ಷಕ್ಕೆ ಅಣ್ಣ ಹೋದರು. ಈಗ ಆಯಿಯೂ ಇಲ್ಲ.

“ಅಣ್ಣನ ಕೈಗೆ ತೋಟ ಬರಲೇ ಇಲ್ಲ. ಅತ್ತಿಗೆಗೆ ಪಾಲು ಇಲ್ಲ ಅಲ್ವಾ ವಕೀಲರೇ?”

ಇದೆ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಅವರದ್ದು ತಪ್ಪಲ್ಲ, ಆ ಕ್ರಿಯಾಪದವೇ ಹಾಗಿದೆ.

ವೆಸ್ಟ್ ಎಂಬುದರ ಬೇರು ಲ್ಯಾಟಿನ್‌ನಲ್ಲಿ ಬಟ್ಟೆ ಎಂಬ ಅರ್ಥದ ಶಬ್ದ. ಒಬ್ಬರಿಗೆ ಹಕ್ಕನ್ನು ತೊಡಿಸುವುದು ಎಂದು ತಿಳಿದುಕೊಳ್ಳಿ. ಕೊಡುವುದು ಬೇರೆ, ತೊಡಿಸುವುದು ಬೇರೆ. ವಸ್ತು ಇನ್ನೊಬ್ಬರ ಹತ್ತಿರ ಇದ್ದರೂ ಹಕ್ಕು ನಿಮ್ಮ ಮೈಮೇಲೆ ಬಂದಿರಬಹುದು. ಅನುಭವಿಸುವ ದಿನ ದೂರ ಇದೆ, ಅಷ್ಟೇ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 119ನೇ ಕಲಮು ಇದನ್ನೇ ಹೇಳುತ್ತದೆ. ಹಾಗಾಗಿ ಅಪ್ಪ ತೀರಿಕೊಂಡ ದಿನವೇ ಅರ್ಧ ತೋಟ ಅಣ್ಣನದಾಗಿತ್ತು. ಅವರು ಹೋದ ಮೇಲೆ ಅದು ಅವರ ವಾರಸುದಾರರಿಗೆ ಇಳಿಯಿತು. ಅತ್ತಿಗೆ ಆ ವಾರಸುದಾರರಲ್ಲಿ ಒಬ್ಬರು.

‘ಆಯಿಯ ನಂತರ ಬದುಕಿದ್ದ ಮಗನಿಗೆ’ ಎಂದು ಬರೆದಿದ್ದರೆ ಕತೆಯೇ ಬೇರೆ ಆಗುತ್ತಿತ್ತು. ಒಂದು ಮನೆಯ ಹೆಣ್ಣುಮಗಳ ಬದುಕು ಇಂಥ ಒಂದು ಸಾಲಿನ ಮೇಲೆ ನಿಂತಿರುತ್ತದೆ. ಅದಕ್ಕೇ ನಾನು ಈ ಪದದ ಬಗ್ಗೆ ಇಷ್ಟು ಹಟ ಹಿಡಿಯುವುದು.

ನಮ್ಮ ಜಿಲ್ಲೆಯವರಿಗೆ ಈ ಪದ ಹೊಸದೇನಲ್ಲ. ಭೂಸುಧಾರಣಾ ಕಾಯ್ದೆಯ 44ನೇ ಕಲಮಿನಲ್ಲಿ ಇದೇ ಇದೆ. 1974ರ ಮಾರ್ಚ್ 1ರಂದು ಗೇಣಿ ಜಮೀನೆಲ್ಲ ಸರ್ಕಾರದಲ್ಲಿ ವೆಸ್ಟ್ ಆಯಿತು. ಕನ್ನಡದ ಕಾನೂನು ಪುಸ್ತಕಗಳು ಇದನ್ನು ‘ನಿಹಿತ’ ಎನ್ನುತ್ತವೆ. ಜಮೀನು ಧಣಿಯಿಂದ ನೇರ ಗೇಣಿದಾರನ ಹೆಸರಿಗೆ ಹೋಯಿತು ಎಂದೇ ಜಾಸ್ತಿ ಜನ ತಿಳಿದಿದ್ದಾರೆ. ಹಾಗಲ್ಲ. ಮೊದಲು ಸರ್ಕಾರಕ್ಕೆ. ಆಮೇಲೆ ಗೇಣಿದಾರ ಫಾರಂ ನಂಬರ್ 7ರಲ್ಲಿ ಅರ್ಜಿ ಕೊಟ್ಟು, ಭೂ ನ್ಯಾಯಮಂಡಳಿ (ಟ್ರಿಬ್ಯೂನಲ್) ಒಪ್ಪಿದ ಮೇಲೆ ಅವನಿಗೆ.

ಪತ್ರಿಕೆಗಳಲ್ಲಿ ಬರುವ ‘ಪಟ್ಟಭದ್ರ ಹಿತಾಸಕ್ತಿ’ಯೂ ಇಂಗ್ಲಿಷ್‌ನ ‘ವೆಸ್ಟೆಡ್ ಇಂಟರೆಸ್ಟ್’ನಿಂದ ಬಂದದ್ದು. ಅಲ್ಲಿ ಅದು ಬೈಗುಳ. ಕೋರ್ಟಿನಲ್ಲಿ ಬೈಗುಳವಲ್ಲ, ಗಟ್ಟಿಯಾದ ಹಕ್ಕು.

ಬರೆಯುವವರು ಇಷ್ಟು ನೋಡಿಕೊಳ್ಳಿ. ಹಕ್ಕನ್ನು ಮೊದಲು ಹೇಳಿದರೆ ‘ವೆಸ್ಟ್ ಇನ್’, ಅಂದರೆ ಹಕ್ಕು ಅವರಲ್ಲಿ ನಿಹಿತ. ಮನುಷ್ಯರನ್ನು ಮೊದಲು ಹೇಳಿದರೆ ‘ವೆಸ್ಟೆಡ್ ವಿತ್’, ಅಂದರೆ ಅವರು ಅಧಿಕಾರ ಹೊಂದಿದವರು.

ಆ ಮೃತ್ಯುಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ತೋಟದ ಮೇಲಿನ ಸೊಪ್ಪಿನ ಬೆಟ್ಟವೂ ಮಕ್ಕಳಲ್ಲಿ ವೆಸ್ಟ್ ಆಗಬೇಕಂತೆ. ಅದು ಆಗುವುದಿಲ್ಲ. ಬೆಟ್ಟದಲ್ಲಿ ಸೊಪ್ಪು ಕಡಿಯುವ, ದರಕು (ಉದುರಿದ ಒಣ ಎಲೆ) ತರುವ ಸವಲತ್ತು ತೋಟದವರಿಗಿದೆ. ನೆಲ ಸರ್ಕಾರದ್ದೇ. ಅಪ್ಪನಲ್ಲೇ ವೆಸ್ಟ್ ಆಗಿರದ ನೆಲವನ್ನು ಅವರು ಮಕ್ಕಳಿಗೆ ತೊಡಿಸುವುದು ಹೇಗೆ? ಆ ಸಾಲನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಟ್ಟೆ. ಅತ್ತಿಗೆಯನ್ನೂ ಕರೆದುಕೊಂಡು ಬನ್ನಿ, ಒಟ್ಟಿಗೆ ಓದೋಣ ಎಂದೆ.