ಅಭಿನಯ ತರಗತಿಯ ಮೊದಲ ಪಾಠ: ‘ಇಸು’

ಶನಿವಾರ ಸಂಜೆ ನಾಲ್ಕಕ್ಕೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುವ ಹೊಸಬರನ್ನು ನೋಡಿದರೆ ಯಾರು ಏನು ಕೆಲಸ ಮಾಡುತ್ತಾರೆಂದು ಅರ್ಧಕ್ಕರ್ಧ ಗೊತ್ತಾಗುತ್ತದೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರ ಕತ್ತು ಮುಂದಕ್ಕೆ ಚಾಚಿರುತ್ತದೆ. ಮೇಷ್ಟ್ರುಗಳು ಬಂದು ನಿಲ್ಲುವುದೇ ಎಲ್ಲರಿಗೂ ಎದುರಾಗಿ. ಕೌಂಟರಿನಲ್ಲಿ ಕೆಲಸ ಮಾಡುವವರಿಗೆ ಮುಂದೆ ಮೇಜು ಇಲ್ಲದಿದ್ದರೆ ಕೈ ಎಲ್ಲಿಡಬೇಕೆಂದು ತೋಚುವುದಿಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕೆ ಹೋಗುವ ವಯಸ್ಕರಿಗಾಗಿ ನಾನು ಎಂಟು ವಾರಾಂತ್ಯಗಳ ಕನ್ನಡ ಅಭಿನಯ ತರಗತಿ ನಡೆಸುತ್ತೇನೆ. ಇಪ್ಪತ್ತೈದರವರೂ ಬರುತ್ತಾರೆ, ನಿವೃತ್ತರೂ ಬರುತ್ತಾರೆ.

ಯಾಕೆ ಬಂದಿರಿ ಎಂದು ಕೇಳಿದರೆ ಉತ್ತರಗಳು ಬೇರೆ ಬೇರೆ. ಕಾಲೇಜಿನಲ್ಲಿ ಒಂದು ಪಾರ್ಟು ಮಾಡಿದ್ದೆ, ಆಮೇಲೆ ಆಗಲೇ ಇಲ್ಲ. ನಾಲ್ಕು ಜನರ ಮುಂದೆ ಮಾತಾಡಲು ಭಯ. ಮಕ್ಕಳು ದೊಡ್ಡವರಾದರು, ಇನ್ನು ನನ್ನ ಸಮಯ. ಆದರೆ ಎಲ್ಲರ ಮಾತಿನ ಅಡಿಯಲ್ಲೂ ಒಂದೇ ನಂಬಿಕೆ ಇರುತ್ತದೆ. ನಟನೆ ಅಂದರೆ ಭಾವನೆ ತೋರಿಸುವುದು, ಅದನ್ನು ಬರಿಸಿಕೊಳ್ಳುವ ಗುಟ್ಟು ಇವರ ಹತ್ತಿರ ಇದೆ ಎನ್ನುವ ನಂಬಿಕೆ. “ಮೇಡಂ, ನಂಗೆ ಅಳು ಬರಲ್ಲ, ಅದನ್ನ ಹೇಳ್ಕೊಡ್ತೀರಾ?” ಎಂದು ಪ್ರತಿ ತಂಡದಲ್ಲೂ ಒಬ್ಬರಾದರೂ ಕೇಳುತ್ತಾರೆ.

ಅಳು ಹೇಳಿಕೊಡುವುದಿಲ್ಲ. ಬದಲಿಗೆ ಇಬ್ಬರನ್ನು ನಡುವೆ ನಿಲ್ಲಿಸಿ ಒಬ್ಬರಿಗೆ “ಹೆದರಿ” ಅನ್ನುತ್ತೇನೆ. ಭುಜ ಮೇಲೇರುತ್ತದೆ, ಕಣ್ಣು ಅಗಲವಾಗುತ್ತದೆ, ಕೈ ಬಾಯಿಗೆ ಹೋಗುತ್ತದೆ. ಆ ಅಗಲವಾದ ಕಣ್ಣು ಎದುರಿನವರನ್ನು ಮಾತ್ರ ನೋಡುತ್ತಿರುವುದಿಲ್ಲ. ಅದು ತನ್ನ ಮುಖ ಈಗ ಹೇಗೆ ಕಾಣುತ್ತಿದೆ ಎಂದು ಒಳಗೊಳಗೇ ಲೆಕ್ಕ ಹಾಕುತ್ತಿರುತ್ತದೆ. ಆಮೇಲೆ ಅವರಿಗೇ ಬೇರೆ ಕೆಲಸ ಕೊಡುತ್ತೇನೆ: “ಇವರು ಈ ಬಾಗಿಲು ದಾಟಿದರೆ ನಿಮ್ಮ ಕೆಲಸ ಹೋಗುತ್ತದೆ. ಮುಟ್ಟುವ ಹಾಗಿಲ್ಲ. ಮಾತಿನಲ್ಲೇ ನಿಲ್ಲಿಸಿ.” ಎರಡು ನಿಮಿಷದಲ್ಲಿ ಧ್ವನಿ ಒಡೆಯುತ್ತದೆ, ಕಾಲು ಒಂದು ಕಡೆ ನಿಲ್ಲುವುದಿಲ್ಲ. ಭಯ ಬಂದಿರುತ್ತದೆ, ಯಾರೂ ಅದನ್ನು ಕರೆದಿರುವುದಿಲ್ಲ.

ಇದನ್ನು ಅರ್ಥ ಮಾಡಿಸಲು ನಮಗೆ ಕನ್ನಡ ವ್ಯಾಕರಣವೇ ಸಹಾಯಕ್ಕಿದೆ. ಹೆದರು, ಹೆದರಿಸು. ನಗು, ನಗಿಸು. ಒಪ್ಪು, ಒಪ್ಪಿಸು. ಉಣ್ಣು, ಉಣಿಸು. ಮೊದಲನೆಯದು ನನಗೆ ಆಗುವುದು, ಎರಡನೆಯದು ನಾನು ಇನ್ನೊಬ್ಬರಿಗೆ ಮಾಡುವುದು. ರಂಗದ ಮೇಲೆ ನಟರು ಕೈಗೆತ್ತಿಕೊಳ್ಳಬಹುದಾದದ್ದು ಎರಡನೆಯದನ್ನು ಮಾತ್ರ. ಎಲ್ಲ ಕ್ರಿಯಾಪದಕ್ಕೂ ಈ ಬಾಲ ಹತ್ತುವುದಿಲ್ಲ, ನಿಜ. ತಡೆ, ಬೇಡು, ಕಾಡು, ಬೈ, ಇವುಗಳಲ್ಲಿ ‘ಇಸು’ ಇಲ್ಲದಿದ್ದರೂ ಇವು ಇನ್ನೊಬ್ಬರ ಕಡೆಗೆ ಹೋಗುತ್ತವೆ. ‘ಯೋಚಿಸು’ ಎಂಬುದರಲ್ಲಿ ಅದು ಇದ್ದರೂ ತನ್ನೊಳಗೇ ಉಳಿಯುತ್ತದೆ. ಹಾಗಾಗಿ ಕೊನೆಯ ಅಕ್ಷರವನ್ನಷ್ಟೇ ನೋಡಬೇಡಿ, ಆ ಕ್ರಿಯೆಗೆ ಎದುರಿಗೊಬ್ಬರು ಬೇಕೇ ಬೇಕೆ ಎಂದು ಕೇಳಿಕೊಳ್ಳಿ ಅನ್ನುತ್ತೇನೆ. ಆದರೂ ತರಗತಿಯಲ್ಲಿ ಇದಕ್ಕೆ ‘ಇಸು’ ಎಂದೇ ಹೆಸರು ಉಳಿದುಬಿಟ್ಟಿದೆ. ತಾಲೀಮಿನ ನಡುವೆ “ನಿಮ್ಮ ಇಸು ಏನು?” ಎಂದರೆ ಸಾಕು, ತಿಳಿಯುತ್ತದೆ.

ಇದು ನಾನು ಕಂಡುಹಿಡಿದದ್ದಲ್ಲ. ರಷ್ಯಾದ ರಂಗನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ 1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರನ್ನು ಜೊತೆಗೂಡಿ ಕಟ್ಟಿದವರು. ನಟರು ತಮ್ಮ ಹಳೆಯ ನೋವು ನಲಿವುಗಳ ನೆನಪಿನಿಂದ ಭಾವ ತೆಗೆಯುವ ದಾರಿಯನ್ನು ಒಂದು ಕಾಲಕ್ಕೆ ಅವರೇ ಹುಡುಕಿದ್ದರು. ಅಮೆರಿಕದಲ್ಲಿ ಆ ದಾರಿ ಬಹಳ ಜೋರಾಗಿ ಹಿಡಿಸಿತು. 1934ರಲ್ಲಿ ನ್ಯೂಯಾರ್ಕಿನ ನಟಿ ಸ್ಟೆಲ್ಲಾ ಆಡ್ಲರ್ ಪ್ಯಾರಿಸ್‌ನಲ್ಲಿ ಅವರನ್ನು ಭೇಟಿಯಾಗಿ ಕೆಲವು ವಾರ ಅವರೊಂದಿಗೆ ಕೆಲಸ ಮಾಡಿದರು. ಊರಿಗೆ ಮರಳಿ ತಮ್ಮ ತಂಡಕ್ಕೆ ಅವರು ತಿಳಿಸಿದ್ದು, ಸನ್ನಿವೇಶ ಮತ್ತು ಕ್ರಿಯೆಯೇ ಮೊದಲು, ಸ್ವಂತ ನೆನಪನ್ನು ಕೆದಕುವುದಲ್ಲ ಎಂದು. ನಮ್ಮ ನಾಟ್ಯಶಾಸ್ತ್ರ ಅಭಿನಯವನ್ನು ಆಂಗಿಕ (ಮೈಯದು), ವಾಚಿಕ (ಮಾತಿನದು), ಆಹಾರ್ಯ (ವೇಷದ್ದು), ಸಾತ್ವಿಕ (ಒಳಗಿನ ಭಾವದ್ದು) ಎಂದು ನಾಲ್ಕು ಮಾಡಿದೆ. ಕಣ್ಣೀರು ಬರುವುದು ಕೊನೆಯದರಲ್ಲಿ, ಅಲ್ಲಿಯೂ ಎಂಟು ಸಾತ್ವಿಕ ಭಾವಗಳಲ್ಲಿ ಒಂದಾಗಿ. ಅಳು ಬರದವರು ಉಳಿದದ್ದನ್ನು ಲೆಕ್ಕ ಹಾಕಿಕೊಳ್ಳಲಿ.

ಈ ವಿಷಯದಲ್ಲಿ ನಾನು ಕಟ್ಟುನಿಟ್ಟಾಗಿರುವುದಕ್ಕೆ ಕಾರಣವಿದೆ. ಇಪ್ಪತ್ತೆರಡರ ವಯಸ್ಸಿನಲ್ಲಿ ನಾನು ಸೇರಿದ್ದ ಒಂದು ಶಿಬಿರದಲ್ಲಿ ಅಪ್ಪ ತೀರಿಕೊಂಡ ರಾತ್ರಿಯನ್ನು ಎಲ್ಲರ ಮುಂದೆ ನೆನೆಸಿಕೊಳ್ಳಲು ಹೇಳಿದರು. ಅತ್ತುಬಿಟ್ಟೆ. ಚಪ್ಪಾಳೆ ಬಿತ್ತು. ಮೂರು ದಿನ ಸರಿಯಾಗಿ ನಿದ್ದೆ ಬರಲಿಲ್ಲ. ಆ ಅಳುವಿನಿಂದ ಮಾಡಬೇಕಾಗಿದ್ದ ದೃಶ್ಯಕ್ಕೆ ಏನೂ ಆಗಲಿಲ್ಲ, ಯಾಕೆಂದರೆ ನಾನು ಆ ಹೊತ್ತಿಗೆ ಎದುರಿನ ನಟನನ್ನು ಬಿಟ್ಟು ನನ್ನ ಮನೆಗೆ ಹೋಗಿಬಿಟ್ಟಿದ್ದೆ. ನನ್ನ ತರಗತಿಯಲ್ಲಿ ಯಾರ ಮನೆಯ ದುಃಖವನ್ನೂ ನಾನು ಕೇಳುವುದಿಲ್ಲ. ತಾನಾಗಿ ಬಂದರೆ ನೀರು ಕೊಟ್ಟು ಪಕ್ಕದಲ್ಲಿ ಕೂರುತ್ತೇವೆ, ಅಷ್ಟೇ.

ಎರಡನೆಯ ವಾರ ಪ್ರತಿಯೊಂದು ಜೋಡಿಗೂ ಆರು ಸಾಲು ಕೊಡುತ್ತೇನೆ.

“ಊಟ ಆಯ್ತಾ?”
“ಹ್ಞೂಂ.”
“ಯಾವಾಗ?”
“ಆಗ್ಲೇ.”
“ಹೇಳ್ಬಾರ್ದಿತ್ತಾ?”
“ಮರೆತೆ.”

ಇದರಲ್ಲಿ ನಾಟಕ ಎಲ್ಲಿದೆ ಎಂದು ಮುಖ ನೋಡುತ್ತಾರೆ. ಈಗ ಸನ್ನಿವೇಶ. ಗಂಡ ಹೆಂಡತಿಯ ನಡುವೆ ಮೂರು ದಿನದಿಂದ ಮಾತಿಲ್ಲ, ಇದು ಮೊದಲ ಮಾತು. ಇನ್ನೊಂದು ಜೋಡಿಗೆ ಆಸ್ಪತ್ರೆಯ ಕಾರಿಡಾರು: ಅಮ್ಮ ಐಸಿಯುನಲ್ಲಿ, ಹೊರಗೆ ಅಕ್ಕ ತಮ್ಮ. ಮತ್ತೊಂದು ಜೋಡಿಗೆ ಹಾಸ್ಟೆಲ್ ರೂಮು: ಒಬ್ಬನ ಹತ್ತಿರ ಮೆಸ್ಸಿಗೆ ಕಟ್ಟಲು ದುಡ್ಡಿಲ್ಲ, ಇನ್ನೊಬ್ಬನಿಗೆ ಅದು ಗೊತ್ತು, ಗೊತ್ತು ಎಂದು ತೋರಿಸಿಕೊಳ್ಳುವಂತಿಲ್ಲ.

ಹಾಸ್ಟೆಲ್ಲಿನ ಹುಡುಗನ ಇಸು ‘ಉಣಿಸು’. ಗೆಳೆಯನ ಮಾನ ಹೋಗದ ಹಾಗೆ ಉಣಿಸಬೇಕು. ಆಗ “ಊಟ ಆಯ್ತಾ?” ಎಂಬುದನ್ನು ಅವನ ಮುಖ ನೋಡಿ ಕೇಳಲಾಗುವುದಿಲ್ಲ. ಬಟ್ಟೆ ಮಡಿಚುತ್ತಲೋ, ಪುಸ್ತಕ ಹುಡುಕುತ್ತಲೋ ಕೇಳಬೇಕಾಗುತ್ತದೆ. ಹಾಗೆ ಮಾಡಿ ಎಂದು ನಾನು ಹೇಳಿರುವುದಿಲ್ಲ. ಗುರಿ ಸರಿಯಾಗಿ ಹಿಡಿದವರ ಕೈಗಳು ತಾವೇ ಕೆಲಸ ಹುಡುಕಿಕೊಳ್ಳುತ್ತವೆ. ಇಡೀ ಎಂಟು ವಾರಗಳಲ್ಲಿ ನನಗೆ ಅತ್ಯಂತ ಇಷ್ಟವಾದ ಗಳಿಗೆ ಇದು. ಮೊದಲ ದಿನ ಕೈ ಎಲ್ಲಿಡಬೇಕೆಂದು ತಿಳಿಯದಿದ್ದವರ ಕೈ ಈಗ ಯಾರ ಅಪ್ಪಣೆಯೂ ಇಲ್ಲದೆ ಒಂದು ಟವೆಲ್ಲನ್ನು ಮೂರು ಸಲ ಮಡಿಚಿ ಬಿಚ್ಚುತ್ತಿರುತ್ತದೆ.

ಹೊಸಬರು ಅವಸರದಲ್ಲಿ ದಾಟಿಬಿಡುವ ಇನ್ನೊಂದು ಸಂಗತಿ ನಮ್ಮ ನುಡಿಯ ನೀನು, ನೀವು. ಆಶುವಾಗಿ ದೃಶ್ಯ ಕಟ್ಟುವಾಗ ಬಾಗಿಲಲ್ಲಿ ನಿಂತವರನ್ನು ಬಾ ಎಂದರೊಂದು ಸಂಬಂಧ, ಬನ್ನಿ ಎಂದರೊಂದು. ಬಾರೋ, ಬಾರೇ, ಬಾಪ್ಪಾ, ಬಾಮ್ಮಾ, ಒಂದೊಂದಕ್ಕೂ ವಯಸ್ಸು, ಸಲಿಗೆ, ಅಂತಸ್ತು ಬೇರೆ. ದೃಶ್ಯದ ನಡುವೆ ‘ನೀನು’ ಇದ್ದದ್ದು ‘ನೀವು’ ಆದರೆ ಅಲ್ಲೊಂದು ಬಾಗಿಲು ಮುಚ್ಚಿತು ಎಂದರ್ಥ. ನೋಡುವವರಿಗೆ ತಕ್ಷಣ ತಿಳಿಯುತ್ತದೆ, ಆಡುವವರು ಅದನ್ನು ಅರಿತು ಬಳಸಬೇಕು.

ಇದರ ಜೊತೆಗೇ ಬರುವುದು ಪುಸ್ತಕದ ಕನ್ನಡದ ಕಾಟ. ಕೈಗೆ ಹಾಳೆ ಕೊಟ್ಟ ತಕ್ಷಣ ಎಷ್ಟೋ ಜನರ ಗಂಟಲಿಗೆ ವಾರ್ತೆ ಓದುವವರು ಬಂದು ಕೂರುತ್ತಾರೆ. ವಿಜಯಪುರ ಕಡೆಯ ಒಬ್ಬರು ಬೆಂಗಳೂರಿನ ಕನ್ನಡದಲ್ಲಿ ಆ ಆರು ಸಾಲು ಹೇಳುವಾಗ ಮೈ ಮರದ ಹಾಗಿತ್ತು. ಮನೆಯಲ್ಲಿ ಹೇಗೆ ಕೇಳುತ್ತೀರೋ ಹಾಗೆ ಕೇಳಿ ಎಂದೆ. “ಊಟಾ ಆತೇನ್ ಯವ್ವಾ?” ಅಂದರು. ತಲೆ ಬಾಗಿತು, ಭುಜ ಇಳಿಯಿತು, ಕೈ ಮುಂದೆ ಬಂತು. ಅವರ ಮೈಗೆ ಗೊತ್ತಿದ್ದದ್ದು ಆ ಕನ್ನಡ. ಸ್ಪಷ್ಟ ಉಚ್ಚಾರಣೆ ಬೇಡ ಅನ್ನುತ್ತಿಲ್ಲ, ಹಾಲು ‘ಆಲು’ ಆಗದಂತೆ ನಾಲಿಗೆಗೆ ದಿನವೂ ಕೆಲಸ ಕೊಡುತ್ತೇವೆ. ಆದರೆ ಮೊದಲು ಅವರವರ ಊರಿನ ಮಾತು, ಪಾತ್ರದ ಮಾತು ಆಮೇಲೆ.

ಭಾಷೆ ಹೀಗೆ ಹತ್ತು ಬಗೆಯಾಗಿರುವ ಕೋಣೆಗೆ ಷಿಕಾಗೋದ ವಯೋಲಾ ಸ್ಪೋಲಿನ್ ಕಟ್ಟಿದ ಆಟಗಳು ಬಹಳ ಒದಗುತ್ತವೆ. ಅವರು ವಲಸೆ ಬಂದ ಕುಟುಂಬಗಳ ಮಕ್ಕಳ ನಡುವೆ ಕೆಲಸ ಮಾಡಿದವರು, ಭಾಷೆ ಅಡ್ಡ ಬರದಂಥ ಆಟಗಳು ಅವರಿಗೆ ಬೇಕಾಗಿದ್ದವು. ಕನ್ನಡಿ ಆಟದಲ್ಲಿ ಇಬ್ಬರು ಎದುರು ಬದುರು ನಿಂತು ಒಬ್ಬರ ಚಲನೆಯನ್ನು ಇನ್ನೊಬ್ಬರು ಹಿಂಬಾಲಿಸುತ್ತಾರೆ. ಯಾರು ನಡೆಸುತ್ತಿದ್ದಾರೆ, ಯಾರು ಹಿಂಬಾಲಿಸುತ್ತಿದ್ದಾರೆ ಎಂದು ನೋಡುವವರಿಗೆ ಗೊತ್ತಾಗಬಾರದು. ಇದಲ್ಲದೆ ನಾವು ಆಡುವ ಇನ್ನೊಂದು ಆಟ ಎಣಿಕೆಯದು. ವೃತ್ತದಲ್ಲಿ ಕಣ್ಣು ಮುಚ್ಚಿ ಕೂತು ಒಂದರಿಂದ ಇಪ್ಪತ್ತರವರೆಗೆ ಎಣಿಸಬೇಕು, ಒಂದು ಸಂಖ್ಯೆಯನ್ನು ಒಬ್ಬರೇ ಹೇಳಬೇಕು, ಇಬ್ಬರ ಬಾಯಿ ಒಟ್ಟಿಗೆ ತೆರೆದರೆ ಮತ್ತೆ ಒಂದರಿಂದ. ಮೊದಲ ವಾರ ಏಳು ದಾಟುವುದು ಕಷ್ಟ.

ಕೇಳಿಸಿಕೊಳ್ಳುವುದು ಎಂಥ ಕೆಲಸ ಎಂದು ತಿಳಿಯಬೇಕಿದ್ದರೆ ಒಂದು ತಾಳಮದ್ದಳೆಗೆ, ಅಂದರೆ ಯಕ್ಷಗಾನದ ಪ್ರಸಂಗವನ್ನು ಕೂತು ಮಾತಿನಲ್ಲೇ ನಡೆಸುವ ಕೂಟಕ್ಕೆ, ಹೋಗಿ ಕೂರಿ ಅನ್ನುತ್ತೇನೆ. ವೇಷವಿಲ್ಲ, ಕುಣಿತವಿಲ್ಲ. ಹಾಡುವ ಭಾಗವತರ ಪದ್ಯ ಎಲ್ಲರಿಗೂ ಗೊತ್ತು, ಪಾತ್ರವಾಗಿ ಮಾತಾಡುವ ಅರ್ಥಧಾರಿಗಳ ಮಾತು ಮಾತ್ರ ಯಾರೂ ಬರೆದುಕೊಟ್ಟದ್ದಲ್ಲ. ಎದುರಿನವರು ಎತ್ತಿದ ಒಂದು ಶಬ್ದವನ್ನು ಹಿಡಿದೇ ಉತ್ತರ ಕೊಡಬೇಕು. ಮನೆಯಲ್ಲಿ ಸಿದ್ಧ ಮಾಡಿಕೊಂಡು ಬಂದದ್ದನ್ನಷ್ಟೇ ಒಪ್ಪಿಸಿದರೆ ಸಭೆಗೆ ಕೂಡಲೇ ಗೊತ್ತಾಗುತ್ತದೆ.

ಮಾತು ಬಾಯಿಪಾಠವಾಗುವುದಿಲ್ಲ ಎಂಬ ಭಯ ನಲವತ್ತು ದಾಟಿದವರಿಗೆ ಹೆಚ್ಚು. ಅದಕ್ಕೂ ಇದೇ ಔಷಧ. ತಮ್ಮ ಸಾಲುಗಳನ್ನಷ್ಟೇ ಗೆರೆ ಎಳೆದುಕೊಂಡು ಉರು ಹೊಡೆಯುವವರು ರಂಗದ ಮೇಲೆ ತಡವರಿಸುತ್ತಾರೆ. ಎದುರಿನವರ ಕೊನೆಯ ಮಾತನ್ನು ಸೇರಿಸಿಕೊಂಡು, ನಡೆದಾಡುತ್ತಾ, ಕೈಯಲ್ಲಿ ಪಾತ್ರೆಯನ್ನೋ ಪೊರಕೆಯನ್ನೋ ಹಿಡಿದು ಕಲಿತರೆ ನಿಲ್ಲುತ್ತದೆ. ಧ್ವನಿಗೆ ದಿನಕ್ಕೆ ಹತ್ತು ನಿಮಿಷ ಸಾಕು: ನೆಲದ ಮೇಲೆ ಮಲಗಿ, ಹೊಟ್ಟೆಯ ಮೇಲೆ ಕೈಯಿಟ್ಟು, ‘ಸ್’ ಎಂದು ಉಸಿರನ್ನು ಸಮನಾಗಿ ಬಿಡುವುದು. ಕಿರುಚಿದರೆ ಗಂಟಲು ಕೆಡುತ್ತದೆಯೇ ಹೊರತು ಹಿಂದಿನ ಸಾಲಿಗೆ ಮಾತು ಮುಟ್ಟುವುದಿಲ್ಲ.

ಹೋದ ತಂಡದಲ್ಲಿ ರಸಾಯನಶಾಸ್ತ್ರ ಕಲಿಸುವ ಪಿಯು ಉಪನ್ಯಾಸಕರೊಬ್ಬರಿದ್ದರು. ಯಾರೊಂದಿಗೆ ದೃಶ್ಯ ಮಾಡಿದರೂ ಕೊನೆಯ ಬೆಂಚಿಗೆ ಪಾಠ ಮಾಡುವ ಹಾಗೆ ಮಾತಾಡುತ್ತಿದ್ದರು. ಐದು ವಾರ ನಾನು ಹೇಳಿದ್ದು ಯಾವುದೂ ಹತ್ತಲಿಲ್ಲ. ಆರನೆಯ ವಾರ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್ ಆಗಿರುವ ಹೆಣ್ಣುಮಗಳೊಬ್ಬರು ಅವರಿಗೆ ಜೋಡಿ. ಆಸ್ಪತ್ರೆಯ ದೃಶ್ಯ. “ಊಟ ಆಯ್ತಾ?” ಎಂದು ತಮ್ಮ ಕೇಳಿದ. ಅಕ್ಕ “ಹ್ಞೂಂ” ಅನ್ನಬೇಕಿತ್ತು, ಅನ್ನಲಿಲ್ಲ. ಮರೆತಿದ್ದರೋ, ಬೇಕೆಂದೇ ಬಿಟ್ಟರೋ. ಉಪನ್ಯಾಸಕರು ಕಾದರು. ಇಷ್ಟು ದಿನ ಮೌನ ಬಂದರೆ ತಾವೇ ತುಂಬಿಸುತ್ತಿದ್ದವರು ಈ ಸಲ ಅವರ ಮುಖ ನೋಡಿದರು. ಕುರ್ಚಿಯನ್ನು ಸದ್ದಾಗದಂತೆ ಎಳೆದು ಹತ್ತಿರ ಕೂತು, ಬಹಳ ಸಣ್ಣಗೆ “ಯಾವಾಗ?” ಅಂದರು. ಕೋಣೆಯ ಆ ತುದಿಗೆ ಕೂತಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು.

ತರಗತಿ ಹುಡುಕುವವರು ಹಣ ಕಟ್ಟುವ ಮುಂಚೆ ಮೊದಲು ಒಂದು ಭಾಗಾಕಾರ ಮಾಡಿ. ಎರಡು ಗಂಟೆಯ ತರಗತಿಯಲ್ಲಿ ಮೂವತ್ತು ಜನರಿದ್ದರೆ ಒಬ್ಬೊಬ್ಬರಿಗೆ ಸಿಗುವುದು ನಾಲ್ಕೇ ನಿಮಿಷ. ಹದಿನಾರಕ್ಕಿಂತ ಹೆಚ್ಚು ಜನರನ್ನು ನಾನು ಸೇರಿಸಿಕೊಳ್ಳುವುದಿಲ್ಲ. ಮೈ ಮುಟ್ಟುವ ಅಭ್ಯಾಸಕ್ಕೆ ಮೊದಲು ಒಪ್ಪಿಗೆ ಕೇಳುತ್ತಾರೆಯೇ, ಬೇಡ ಎಂದರೆ ಸುಮ್ಮನಾಗುತ್ತಾರೆಯೇ ಎಂದು ವಿಚಾರಿಸಿ. ಸಾಧ್ಯವಾದರೆ ಒಂದು ದಿನ ಹೋಗಿ ಸುಮ್ಮನೆ ಕೂತು ನೋಡಿ. ಸೀರಿಯಲ್ಲಿನಲ್ಲಿ ಪಾತ್ರ ಕೊಡಿಸುತ್ತೇವೆ ಎಂದು ಹೇಳಿ ಹಣ ಕೇಳುವ ಕಡೆ ದಯವಿಟ್ಟು ಸೇರಬೇಡಿ. ವಾರಾಂತ್ಯದ ತರಗತಿಯಿಂದ ವೃತ್ತಿನಟರಾಗುತ್ತೇವೆ ಎಂದೂ ಎಣಿಸಬೇಡಿ. ಅದಕ್ಕೆ ಹೆಗ್ಗೋಡಿನಲ್ಲಿ ನೀನಾಸಂ 1980ರಲ್ಲಿ ಆರಂಭಿಸಿದ ರಂಗಶಿಕ್ಷಣ ಕೇಂದ್ರದಂಥ ವಸತಿ ಶಾಲೆಗಳಿವೆ. ಅಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಅದೇ ಕೆಲಸ, ಕೆಲಸಕ್ಕೆ ರಜೆ ಹಾಕಿ ಹೋಗಿ ಬರುವಂಥದ್ದಲ್ಲ.

ಎಂಟು ವಾರ ಮುಗಿದ ಮೇಲೆ ಮುಂದೇನು ಎಂದು ಕೇಳುವವರಿಗೆ ಹತ್ತಿರದ ಹವ್ಯಾಸಿ ತಂಡವೊಂದಕ್ಕೆ ಹೋಗಿ, ಪಾತ್ರ ಕೇಳದೆ, ಪ್ರಾಪರ್ಟಿ (ರಂಗದ ಮೇಲೆ ಬಳಸುವ ಸಾಮಾನು) ಜೋಡಿಸುತ್ತೇನೆ ಅನ್ನಿ ಎಂದು ಹೇಳುತ್ತೇನೆ. ರಂಗದ ಹಿಂದೆ ಕೈಗಳು ಯಾವತ್ತೂ ಸಾಲುವುದಿಲ್ಲ, ಬೇಡ ಅನ್ನುವವರು ಸಿಗುವುದು ಅಪರೂಪ. ತಿಂಗಳಿಗೆ ಎರಡು ನಾಟಕವಾದರೂ ನೋಡಿ. 1985ರಿಂದ ಊರೂರಿಗೆ ಬರುತ್ತಿರುವ ನೀನಾಸಂ ತಿರುಗಾಟ, ಮೈಸೂರಿನ ರಂಗಾಯಣ, 2004ರಲ್ಲಿ ಬಾಗಿಲು ತೆರೆದ ಬೆಂಗಳೂರಿನ ರಂಗಶಂಕರ, ಯಾವುದಾದರೂ ಸರಿ. ಎರಡನೆಯ ಸಲ ಅದೇ ನಾಟಕಕ್ಕೆ ಹೋದರೆ ಮಾತಾಡುತ್ತಿರುವ ನಟರನ್ನು ಬಿಟ್ಟು, ಆ ಹೊತ್ತಿಗೆ ಮಾತಿಲ್ಲದೆ ನಿಂತವರನ್ನೇ ನೋಡುತ್ತಾ ಕೂರಿ. ಅವರು ಯಾರನ್ನು ನೋಡುತ್ತಿದ್ದಾರೆ, ಯಾವ ಮಾತಿಗೆ ಅವರ ಉಸಿರು ಬದಲಾಯಿತು ಎಂದು ಬರೆದುಕೊಂಡು ಬನ್ನಿ. ಶನಿವಾರ ನಾಲ್ಕಕ್ಕೆ ಕೂತು ಮಾತಾಡೋಣ.